ಮುಂದಕ್ಕೆ ಹೋದ ಎಲೆ

ಅಂಗಡಿಯವರು ಗಾಜಿನ ಜಾಡಿಯ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಒಳಗಿದ್ದದ್ದು ಪೈಪಿಗೆ ತುಂಬುವ ತಂಬಾಕು. ಎಲೆಗಳನ್ನು ಒಂದರ ಮೇಲೊಂದು ಇಟ್ಟು ಒತ್ತಿ, ಆಮೇಲೆ ತೆಳ್ಳಗೆ ಸೀಳಿದ ಪಟ್ಟಿಗಳು. ಬಣ್ಣ ಜೋನಿಬೆಲ್ಲದ್ದು. ನಾನು ಉಸಿರೆಳೆದುಕೊಂಡೆ. ಅಷ್ಟೇ. ಪಿರಿಯಾಪಟ್ಟಣದ ಕಡೆಯ ನಮ್ಮೂರು, ಆಗಸ್ಟ್ ತಿಂಗಳ ಜಿಟಿಜಿಟಿ ಮಳೆ, ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸಿ ಹದ ಮಾಡುವ ನಮ್ಮ ಬ್ಯಾರನ್ನಿನ ಬಾಗಿಲ ಸಂದಿಯಿಂದ ಬರುವ ಬಿಸಿ ಗಾಳಿ, ಎಲ್ಲಾ ಒಟ್ಟಿಗೆ ಬಂದುಬಿಟ್ಟಿತು. ನಾನು ನಿಂತಿದ್ದದ್ದು ಮಾತ್ರ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ರಾಲೀ ನಗರದಲ್ಲಿ, ಒಂದು ಹಳೇ ತಂಬಾಕಿನ ಅಂಗಡಿಯಲ್ಲಿ. ಆಫೀಸಿನ ಗೆಳೆಯನೊಬ್ಬನಿಗೆ ಉಡುಗೊರೆ ತಗೊಳ್ಳೋಣ ಅಂತ ಹೋಗಿದ್ದೆ.

ಆಮೇಲೆ ಅವರು ಪಕ್ಕದ ಸಿಗಾರ್ ಕೋಣೆಯ ಬಾಗಿಲು ತೆಗೆದರು. ಒಳಗೆ ತೇವ, ತಂಪು. ಗೋಡೆ ತುಂಬಾ ಮರದ ಪೆಟ್ಟಿಗೆಗಳು. ಅಲ್ಲಿಯ ವಾಸನೆ ಪೂರ್ತಿ ಬೇರೆ. ಮಣ್ಣು, ಹಸುವಿನ ಕೊಟ್ಟಿಗೆ, ಹಳೇ ಚರ್ಮ, ಅದರ ಹಿಂದೆ ಏನೋ ಒಂದು ಒಗರು. ಇದೂ ನನಗೆ ಗೊತ್ತಿರುವ ವಾಸನೆ ಅನ್ನಿಸಿತು. ಎಲ್ಲಿಯದು ಅಂತ ಮಾತ್ರ ತಕ್ಷಣ ಹೊಳೆಯಲಿಲ್ಲ. "ಎರಡಕ್ಕೂ ಏನು ವ್ಯತ್ಯಾಸ ಹೇಳಿ ನೋಡೋಣ" ಅಂದರು ಅವರು. ನನಗೆ ಇಂಗ್ಲಿಷಿನಲ್ಲಿ ಹೇಳಲು ಆಗಲಿಲ್ಲ. ಅವರು ನಗುತ್ತಾ ಡಬ್ಬಿಗಳ ಮೇಲೆ ಬರೆದದ್ದನ್ನು ಓದಿದರು. ಪೈಪ್ ತಂಬಾಕಿಗೆ ಒಣಹುಲ್ಲು, ಅಂಜೂರ, ಬ್ರೆಡ್ಡು. ಸಿಗಾರಿಗೆ ಕೋಕೋ, ಚರ್ಮ, ಕರಿಮೆಣಸು. ಕೇಳುವುದಕ್ಕೆ ಚೆನ್ನಾಗಿತ್ತು. ಆದರೆ ಎಲೆಯ ರುಚಿ ಹೇಳಲು ಎಲೆ ಬಿಟ್ಟು ಬೇರೆ ಎಲ್ಲದರ ಹೆಸರನ್ನೂ ಹೇಳಿದ ಹಾಗಿತ್ತು. ಆ ಪ್ರಶ್ನೆ ಎಂಟು ವರ್ಷದಿಂದ ನನ್ನ ಜೊತೆಗೇ ಇದೆ. ಅದಕ್ಕೆ ಉತ್ತರ ಕನ್ನಡದಲ್ಲೇ ಸಿಗಬೇಕು ಅಂತ ಈಗ ಅನ್ನಿಸುತ್ತಿದೆ.

ಮೂಗಿನ ಮಾತು

ವಾಸನೆಗೆ ನಮ್ಮಲ್ಲಿ ಎಷ್ಟು ಪದಗಳಿವೆ ನೋಡಿ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಘಾಟು. ಹಳೇ ಎಣ್ಣೆ ಕಮಟು. ಮಳೆಗಾಲದ ಬಟ್ಟೆ ಮುಗ್ಗಲು. ತಳ ಹತ್ತಿದ ಹಾಲು ಸೀದ ವಾಸನೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಸೊಗಡು. ಡಿಸೆಂಬರಿನಲ್ಲಿ ಅವರೆಕಾಯಿ ಕೈಗೆ ಅಂಟುತ್ತದಲ್ಲ, ಆ ಜಿಡ್ಡು, ಆ ಹಸಿರು ಎಣ್ಣೆಯ ವಾಸನೆ. ಸೊಗಡು ಬರೀ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದು ಆ ಗಿಡ ಆ ಮಣ್ಣಲ್ಲಿ ಆ ಚಳಿಯಲ್ಲಿ ಬೆಳೆದದ್ದರ ಗುರುತು. ಪೈಪ್ ತಂಬಾಕಿಗೂ ಸಿಗಾರಿಗೂ ಇರುವ ವ್ಯತ್ಯಾಸ ಹೇಳಲು ನಾನು ಹುಡುಕುತ್ತಿದ್ದದ್ದು ಇಂಥ ಪದವನ್ನೇ.

ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಇಂಥ ನಾಲ್ಕೈದು ಮಾತ್ರ. ಮಿಕ್ಕದ್ದೆಲ್ಲಾ ಮೂಗಿನ ಕೆಲಸ. ಬಾಯಲ್ಲಿರುವ ಹೊಗೆ ಗಂಟಲ ಹಿಂದಿನಿಂದ ಮೂಗಿಗೆ ಹತ್ತುತ್ತದೆ. ಅದಕ್ಕೇ ನೆಗಡಿ ಬಂದವನಿಗೆ ಸಾರು ಸಪ್ಪೆ. ಪೈಪು, ಸಿಗಾರು ಎರಡರಲ್ಲೂ ಹೊಗೆಯನ್ನು ಬಾಯಲ್ಲಿ ಇಟ್ಟುಕೊಂಡು ಬಿಡುವುದೇ ರೂಢಿ. ಎದೆಗೆ ಎಳೆದುಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿ ರುಚಿ ಅಂದರೆ ಮುಕ್ಕಾಲು ಪಾಲು ವಾಸನೆಯೇ. ತಮಾಷೆ ಏನಂದರೆ ಸೇದುವವನಿಗೆ ಸಿಗುವ ವಾಸನೆ ಪಕ್ಕದಲ್ಲಿ ಕೂತವನಿಗೆ ಸಿಗುವುದಿಲ್ಲ. ವೆನಿಲ್ಲಾ, ಚೆರ್ರಿ, ರಮ್ ಹಾಕಿದ ಪೈಪ್ ತಂಬಾಕು ಪಕ್ಕದವನಿಗೆ ಬೇಕರಿ ಮುಂದೆ ಕೂತ ಹಾಗಿರುತ್ತದೆ. ಸೇದುವವನ ನಾಲಗೆಗೆ ಅದು ಬಿಸಿ ಹಬೆ, ಅಷ್ಟೇ. ಸಿಗಾರಿನ ಲೆಕ್ಕ ಉಲ್ಟಾ. ಸೇದುವವನಿಗೆ ಹುರಿದ ಕಾಫಿ, ಕೋಕೋ ಎಲ್ಲಾ ಸಿಗುತ್ತದೆ. ಕೋಣೆಯಲ್ಲಿದ್ದ ಉಳಿದವರಿಗೆ ಮಾರನೇ ದಿನವೂ ಪರದೆಯ ನಾತ. ಸೆಂಟು ಹಾಕಿದ ಆ ತಂಬಾಕುಗಳು ನನಗೆ ಯಾವತ್ತೂ ಹಿಡಿಸಲಿಲ್ಲ. ಕೆಳಗಿನ ಎಲೆ ಯಾವುದು ಅಂತಲೇ ಗೊತ್ತಾಗುವುದಿಲ್ಲ.

ತಡೆದ ಎಲೆ

ನಮ್ಮ ಕಡೆ ಹೊಗೆಸೊಪ್ಪು ಬೆಳೆದವರಿಗೆ ಬ್ಯಾರನ್ ಏನು ಅಂತ ಹೇಳಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೂ ಸಾಕು. ಎತ್ತರದ, ಕಿಟಕಿ ಇಲ್ಲದ ಮನೆ. ಒಳಗೆ ಅಂತಸ್ತು ಅಂತಸ್ತಾಗಿ ಕಡ್ಡಿಗೆ ಕಟ್ಟಿದ ಸೊಪ್ಪು ತೂಗುತ್ತಿರುತ್ತದೆ. ಒಲೆಗೆ ಸೌದೆ ಹಾಕುವುದು ಹೊರಗಿನಿಂದ. ಬೆಂಕಿಯ ಬಿಸಿ ನೆಲದ ಮೇಲಿನ ತಗಡಿನ ಕೊಳವೆಗಳಲ್ಲಿ ಸುತ್ತಿ ಹೋಗುತ್ತದೆ. ಹೊಗೆ ಎಲೆಗೆ ತಾಗಬಾರದು, ಬಿಸಿ ಮಾತ್ರ ತಾಗಬೇಕು. ಇದು ವರ್ಜೀನಿಯಾ ತಂಬಾಕು. ನಮ್ಮ ಸೊಪ್ಪು ಹೋಗುವುದು ಜಾಸ್ತಿ ಸಿಗರೇಟಿಗೆ. ಆದರೆ ಪ್ರಪಂಚದ ಎಷ್ಟೋ ಪೈಪ್ ಮಿಶ್ರಣಗಳ ಬುಡದಲ್ಲಿರುವುದೂ ಹೀಗೆ ಬೇಯಿಸಿದ ವರ್ಜೀನಿಯಾ ಎಲೆಯೇ. ರಾಲೀಯ ಜಾಡಿಯಲ್ಲಿ ನನಗೆ ನಮ್ಮೂರು ಸಿಕ್ಕಿದ್ದು ಅದಕ್ಕೇ.

ಮೊದಲ ಎರಡು ದಿನ ಬೆಂಕಿ ಸಣ್ಣಗಿರಬೇಕು. 35, 38 ಡಿಗ್ರಿ, ಒಳಗೆ ತೇವ ಇರಬೇಕು. ಗಿಡದಿಂದ ಮುರಿದಿದ್ದರೂ ಎಲೆ ಆಗ ಇನ್ನೂ ಸತ್ತಿರುವುದಿಲ್ಲ. ಉಸಿರಾಡುತ್ತಿರುತ್ತದೆ. ತನ್ನೊಳಗಿನ ಪಿಷ್ಟವನ್ನು ತಾನೇ ಸಕ್ಕರೆ ಮಾಡಿಕೊಳ್ಳುತ್ತದೆ. ಹಸಿರು ಇಳಿದು ಹಳದಿ ಏರುತ್ತದೆ. ಪೂರ್ತಿ ಹಳದಿ ಬಂದ ಗಳಿಗೆಯಲ್ಲಿ ಗಾಳಿಕಂಡಿ ತೆಗೆದು ಬಿಸಿ ಏರಿಸಬೇಕು. ಅಲಗು ಒಣಗಬೇಕು. ಕೊನೆಗೆ 70 ಡಿಗ್ರಿ ಹತ್ತಿರ ಹೋಗಿ ನಡುನರವೂ ಒಣಗಬೇಕು. ಒಟ್ಟು ಐದಾರು ದಿನ. ಬೇಗ ಏರಿಸಿದರೆ ಎಲೆ ಹಸಿರಾಗೇ ಉಳಿಯುತ್ತದೆ. ತಡವಾದರೆ ಕಂದಾಗುತ್ತದೆ. ಎಲೆ ಸಕ್ಕರೆ ಮಾಡಿಕೊಂಡ ಮೇಲೆ, ಅದನ್ನು ಉಸಿರಾಡಿ ಖರ್ಚು ಮಾಡುವ ಮೊದಲು ತಡೆಯಬೇಕು. ಚೆನ್ನಾಗಿ ಬೆಂದ ವರ್ಜೀನಿಯಾದಲ್ಲಿ ತೂಕದ ಐದನೇ ಒಂದು ಭಾಗದವರೆಗೂ ಸಕ್ಕರೆ ಇರುತ್ತದೆ. ಮೂರನೇ ರಾತ್ರಿ ಬ್ಯಾರನ್ನಿಂದ ಬರುವ ವಾಸನೆ ಆ ಸಕ್ಕರೆಯದು. ಹೊಸ ಹುಲ್ಲು, ಬೆಲ್ಲದ ಕೊಪ್ಪರಿಗೆಯ ಮೊದಲ ನೊರೆ, ಬಿಸಿಲಿಗಿಟ್ಟ ನಿಂಬೆಸಿಪ್ಪೆ. ನನ್ನ ಕೈಲಿ ಹೇಳಲು ಆಗುವುದು ಇಷ್ಟು.

ನನಗೆ ಹದಿಮೂರು ವರ್ಷ ಇದ್ದಾಗ ಅಪ್ಪ ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. "ಮೂರು ಗಂಟೆ ತನಕ ನೋಡ್ಕೊ. ಐವತ್ತಕ್ಕಿಂತ ಇಳೀಬಾರ್ದು" ಅಂತ ಹೇಳಿ ಜಗಲಿ ಮೇಲೆ ಒರಗಿದರು. ಹಳದಿ ಚೆನ್ನಾಗಿ ಬಂದಿತ್ತು. ಇನ್ನು ನೀರು ಆರಬೇಕಿತ್ತು. ಬಾಗಿಲಲ್ಲಿ ಅಂಗೈ ಅಗಲದ ಗಾಜು. ಅದರಾಚೆ ಥರ್ಮಾಮೀಟರು. ನಾನು ಟಾರ್ಚು ಬಿಟ್ಟು ನೋಡುತ್ತಿದ್ದೆ, ಸೌದೆ ಹಾಕುತ್ತಿದ್ದೆ. ಒಲೆ ಮುಂದೆ ಬೆಚ್ಚಗಿತ್ತು. ಯಾವಾಗ ನಿದ್ದೆ ಹತ್ತಿತೋ ಗೊತ್ತಿಲ್ಲ. ಎಚ್ಚರವಾದಾಗ ಬೆಳಕು ಹರಿಯುತ್ತಿತ್ತು. ಅಪ್ಪ ಬಾಗಿಲು ತೆಗೆದು ನಿಂತಿದ್ದರು. ಥರ್ಮಾಮೀಟರು ನೋಡಲಿಲ್ಲ. ಮೂಗೆತ್ತಿ ಒಂದು ಸಲ ಉಸಿರೆಳೆದುಕೊಂಡರು. ಬೈಯಲಿಲ್ಲ. "ಎಲೆ ಮುಂದಕ್ಕೆ ಹೋಯ್ತು" ಅಂದರು ಅಷ್ಟೇ. ಆ ಮಾತನ್ನು ನಾನು ಮರೆತಿಲ್ಲ. ಆ ವಾಸನೆಯನ್ನೂ. ಬೆಲ್ಲದ ಕಂಪು ಹೋಗಿತ್ತು. ಅದರ ಜಾಗದಲ್ಲಿ ಒದ್ದೆ ಮಣ್ಣು, ಆರಿದ ಚಹಾ, ಏನೋ ಒಂದು ಕಂದು ವಾಸನೆ. ಎಲೆಯ ಮೇಲೆ ಕಾಫಿ ಚೆಲ್ಲಿದ ಹಾಗೆ ಕಲೆ. ಹರಾಜಿನಲ್ಲಿ ಆ ಬೇಲುಗಳು ಕೆಳಗಿನ ಗ್ರೇಡಿಗೆ ಹೋದವು. ಆ ವರ್ಷ ಅಕ್ಕನ ಕಾಲೇಜಿನ ದುಡ್ಡಿಗೆ ಅಪ್ಪ ಸಾಲ ಮಾಡಿದರು.

ಇದೇ ಥರದ ಇನ್ನೊಂದು ನಿದ್ದೆಯ ಕಥೆ ನನಗೆ ಸಿಕ್ಕಿದ್ದು ರಾಲೀಗೆ ಹೋದ ಮೇಲೆ. ಅಲ್ಲಿಂದ ಒಂದೂವರೆ ಗಂಟೆ ದಾರಿಯಲ್ಲಿ ಕ್ಯಾಸ್ವೆಲ್ ಕೌಂಟಿ. 1839ರಲ್ಲಿ ಅಲ್ಲಿ ಏಬಿಶಾ ಸ್ಲೇಡ್ ಎಂಬವರ ತೋಟದಲ್ಲಿ ಸ್ಟೀಫನ್ ಎಂಬ ಯುವಕ ಗುಲಾಮನಾಗಿದ್ದ. ಕಮ್ಮಾರನ ಕೆಲಸವೂ ಅವನದೇ. ಒಂದು ರಾತ್ರಿ ಬ್ಯಾರನ್ ಕಾಯುತ್ತಾ ನಿದ್ದೆ ಹೋದ. ಬೆಂಕಿ ಆರುತ್ತಾ ಬಂದಿತ್ತು. ಗಾಬರಿಯಲ್ಲಿ ಎದ್ದು ಹತ್ತಿರ ಸಿಕ್ಕ ಇದ್ದಿಲನ್ನು ತಂದು ಸುರಿದ. ಇದ್ದಿಲಿನ ಒಣ ಬಿಸಿ ಒಮ್ಮೆಗೇ ಏರಿತು. ಎಲೆ ಹಿಂದೆಂದೂ ಕಾಣದಷ್ಟು ಹೊಳೆಯುವ ಹಳದಿಗೆ ತಿರುಗಿತು. ಇವತ್ತು ಹುಣಸೂರಲ್ಲಿ ನಾವು ಬೇಯಿಸುವ ಹಳದಿ ಸೊಪ್ಪಿನ ಹಿಂದೆ ಆ ರಾತ್ರಿ ಇದೆ. ಇದ್ದಿಲಿನ ಬದಲು ಕೊಳವೆಗಳು ಬಂದದ್ದು ಆಮೇಲೆ. ಲಾಭವಾದದ್ದು ಮಾಲೀಕರಿಗೆ. ಸ್ಟೀಫನ್‌ಗೆ ಅವನ ಮೈ ಕೂಡ ಅವನದಾಗಿರಲಿಲ್ಲ. ಆ ಕಡೆ ರಸ್ತೆ ಬದಿಯಲ್ಲಿ ಈಗಲೂ ಮರದ ದಿಮ್ಮಿಯ ಹಳೇ ಬ್ಯಾರನ್ನುಗಳು ಬಳ್ಳಿ ಹಬ್ಬಿಸಿಕೊಂಡು ನಿಂತಿವೆ. ಕಾರು ನಿಲ್ಲಿಸಿ ಒಂದರೊಳಗೆ ಹೋಗಿದ್ದೆ. ತೊಲೆಗೆ ಮೂಗು ತಾಗಿಸಿದರೆ ಇನ್ನೂ ಸ್ವಲ್ಪ ಇತ್ತು ಆ ವಾಸನೆ.

ಬಿಟ್ಟ ಎಲೆ

ಸಿಗಾರ್ ಕೋಣೆಯ ವಾಸನೆ ಎಲ್ಲಿಯದು ಅಂತ ಹೊಳೆದದ್ದು ಒಂದು ವಾರದ ಮೇಲೆ, ಅಂಗಡಿಯವರು ಅದನ್ನು ಹೇಗೆ ಮಾಡುತ್ತಾರೆ ಅಂತ ವಿವರಿಸುವಾಗ. ಅದು ನಾನು ನಿದ್ದೆ ಹೋದ ಬ್ಯಾರನ್ನಿನ ವಾಸನೆಯ ದಿಕ್ಕಿನದು. ಅದೇ ಅಲ್ಲ, ಅದರ ದೊಡ್ಡಣ್ಣ. ಅಪ್ಪ ಯಾವುದನ್ನು ತಪ್ಪು ಅಂದಿದ್ದರೋ, ಕ್ಯೂಬಾದಲ್ಲಿ, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ, ನಿಕರಾಗುವಾದಲ್ಲಿ ಅದನ್ನು ಬೇಕೆಂದೇ, ವರ್ಷಗಟ್ಟಲೆ ಕಾದು ಮಾಡುತ್ತಾರೆ.

ಅಲ್ಲಿ ಬೆಂಕಿ ಇಲ್ಲ. ಎಲೆಯನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ಒಂದೂವರೆ, ಎರಡು ತಿಂಗಳು ಸುಮ್ನೆ ತೂಗುಹಾಕುತ್ತಾರೆ. ಎಲೆ ನಿಧಾನಕ್ಕೆ ಉಸಿರಾಡುತ್ತಾ, ತನ್ನ ಸಕ್ಕರೆಯನ್ನೆಲ್ಲಾ ತಾನೇ ತಿಂದುಕೊಂಡು ಸಾಯುತ್ತದೆ. ಹಸಿರು, ಹಳದಿ, ಕಂದು. ಕೊನೆಗೆ ಸಕ್ಕರೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಇಷ್ಟಕ್ಕೇ ನಿಲ್ಲಿಸಿದರೆ ಅದನ್ನು ಸೇದಲು ಆಗುವುದಿಲ್ಲ. ಅಮೋನಿಯಾ ಘಾಟು ಹೊಡೆಯುತ್ತದೆ. ಅದಕ್ಕೆ ತೇವ ಮಾಡಿ ದೊಡ್ಡ ರಾಶಿ ಹಾಕುತ್ತಾರೆ. ಅದಕ್ಕೆ ಪಿಲೋನ್ ಅಂತ ಹೆಸರು. ರಾಶಿ ತನ್ನ ಭಾರಕ್ಕೆ, ತನ್ನ ತೇವಕ್ಕೆ ತಾನೇ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರುವ ಮೊದಲು ಬಿಚ್ಚಿ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ಹೀಗೆ ತಿಂಗಳುಗಟ್ಟಲೆ. ಗಿಡದ ತುದಿಯ ದಪ್ಪ ಎಲೆಗಳಿಗೆ ಇನ್ನೂ ಜಾಸ್ತಿ.

ಇದನ್ನು ಕೇಳುವಾಗ ನನ್ನ ಕೈಗೆ ನೆನಪಾದದ್ದು ನಮ್ಮ ಹುಲ್ಲಿನ ಮೆದೆ. ಸರಿಯಾಗಿ ಒಣಗದ ಹುಲ್ಲನ್ನು ಒಟ್ಟಿದ ವರ್ಷ ಅಜ್ಜ ಮೆದೆಯೊಳಗೆ ತೋಳಿನ ತನಕ ಕೈ ತೂರಿಸಿ ನೋಡುತ್ತಿದ್ದರು. ನನ್ನ ಕೈಯನ್ನೂ ಹಿಡಿದು ತೂರಿಸಿದ್ದರು. ಹೊರಗೆ ಇಬ್ಬನಿ, ತಣ್ಣಗೆ. ಒಳಗೆ ಬೆಂಕಿ ಇಲ್ಲದ ಬಿಸಿ, ಯಾವುದೋ ಪ್ರಾಣಿಯ ಹೊಟ್ಟೆ ಮುಟ್ಟಿದ ಹಾಗೆ. ಕೈ ಹೊರಗೆ ತೆಗೆದರೆ ಅದರ ಮೇಲೆ ಸಿಹಿಯೂ ಅಲ್ಲದ, ಕೊಳೆತದ್ದೂ ಅಲ್ಲದ ಒಂದು ಗಾಢ ವಾಸನೆ. ಸಿಗಾರಿನ ಒಳಗಿರುವುದು ಆ ಮೆದೆಯ ಬಿಸಿ. ಬ್ರೆಡ್ಡಿನ ಹೊರಪದರ, ಹುರಿದ ಕಾಫಿಬೀಜ ಕಂದಾಗುವಾಗ ನಡೆಯುವ ಥರದ್ದೇ ಬದಲಾವಣೆ ಆ ರಾಶಿಯಲ್ಲೂ ನಿಧಾನಕ್ಕೆ ನಡೆಯುತ್ತದೆ. ಡಬ್ಬಿಯವರು ಕೋಕೋ, ಕಾಫಿ ಅಂತ ಬರೆಯುವುದು ಪೂರ್ತಿ ಸುಳ್ಳಲ್ಲ ಹಾಗಾದರೆ. ಎಲೆಯ ಹಳದಿ ಬಣ್ಣ, ಅಂದರೆ ಕ್ಯಾರೆಟ್ಟಿನಲ್ಲಿರುವ ಕ್ಯಾರೋಟಿನ್ನಿನ ಬಳಗ, ಒಡೆದಾಗ ಹುಟ್ಟುವ ಕೆಲವು ಪದಾರ್ಥಗಳು ಗುಲಾಬಿಯ ಕಂಪಿನಲ್ಲೂ ಇವೆ. ಅಂಥವು ಪೈಪಿನ ಎಲೆಯಲ್ಲೂ ಇವೆ, ಸಿಗಾರಿನ ಎಲೆಯಲ್ಲೂ ಇವೆ.

ಆ ಪೆಟ್ಟಿಗೆಗಳ ಮರದ ಬಗ್ಗೆಯೂ ಒಂದು ಮಾತು. ಸ್ಪ್ಯಾನಿಷ್ ಸೀಡರ್ ಅಂತ ಕರೆಯುತ್ತಾರೆ. ಆದರೆ ಅದು ಸೀಡರ್ ಅಲ್ಲ, ನಮ್ಮ ಬೇವಿನ ಕುಟುಂಬದ ಮರ. ಸಿಗಾರಿನಲ್ಲಿ ನನಗೆ ಸಿಕ್ಕ ಒಗರಿನಲ್ಲಿ ಅದರ ಪಾಲೂ ಇರಬೇಕು.

ಲೆಕ್ಕಕ್ಕೆ ಅಡ್ಡ ಬರುವವು

ಪೈಪು ಅಂದರೆ ತಡೆದ ಎಲೆ, ಸಿಗಾರು ಅಂದರೆ ಮುಂದಕ್ಕೆ ಬಿಟ್ಟ ಎಲೆ. ಹೀಗೆ ನಾನು ಖುಷಿಯಲ್ಲಿ ಹೇಳಿದಾಗ ಅಂಗಡಿಯವರು ಇನ್ನೆರಡು ಜಾಡಿ ತೆಗೆದರು. ಒಂದು ಪೆರೀಕ್. ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್ ಎಂಬ ಸಣ್ಣ ಸೀಮೆಯದು. ಎಲೆಯನ್ನು ಹಳೇ ವಿಸ್ಕಿ ಪೀಪಾಯಿಗೆ ತುರುಕಿ, ಸ್ಕ್ರೂ ಜಾಕ್ ಇಟ್ಟು ಒತ್ತಿ, ಅದರದೇ ರಸದಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ಹುಳಿ ಬರಿಸುತ್ತಾರೆ. ಮುಚ್ಚಳ ತೆಗೆದರೆ ಮಾವಿನಕಾಯಿ ಉಪ್ಪಿನಕಾಯಿ ಭರಣಿ ನೆನಪಾಗಿ ಬಾಯಲ್ಲಿ ನೀರು ಬಂತು. ಅದನ್ನು ಒಂದೇ ಸೇದುವವರು ಕಮ್ಮಿ, ವರ್ಜೀನಿಯಾಕ್ಕೆ ಒಂದು ಚಿಟಿಕೆ ಸೇರಿಸುತ್ತಾರೆ. ಬೆಲ್ಲಕ್ಕೆ ಹುಣಸೆಹಣ್ಣು ಬಿದ್ದ ಹಾಗೆ. ನನ್ನ ಮಟ್ಟಿಗೆ ಪೈಪಿನ ರುಚಿಯಲ್ಲಿ ಇದಕ್ಕಿಂತ ಮೇಲೆ ಯಾವುದೂ ಇಲ್ಲ. ಇನ್ನೊಂದು ಲಟಾಕಿಯಾ. ಹೆಸರು ಸಿರಿಯಾದ ಬಂದರಿನದು, ಈಗ ಹೆಚ್ಚಾಗಿ ಬರುವುದು ಸೈಪ್ರಸ್‌ನಿಂದ. ಅದಕ್ಕೆ ಸೌದೆಯ ಹೊಗೆಯನ್ನೇ ಹಿಡಿಸುತ್ತಾರೆ. ನಮ್ಮಲ್ಲಿ ತಾಗಲೇಬಾರದು ಅನ್ನುವ ಹೊಗೆ ಅಲ್ಲಿ ರುಚಿಯ ಮೂಲ. ಕಪ್ಪಗೆ, ಅಟ್ಟದ ಮೇಲೆ ಹೊಗೆ ಕುಡಿದ ಬಿದಿರಿನ ಹಾಗೆ. ಎರಡೂ ಪೈಪಿನವೇ. ಎರಡೂ ನನ್ನ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಪೈಪು, ಸಿಗಾರು ಅನ್ನುವುದಕ್ಕಿಂತ ಎಲೆಯನ್ನು ಎಲ್ಲಿ ತಡೆದರು, ಎಷ್ಟು ಬಿಟ್ಟರು ಅಂತ ಕೇಳುವುದೇ ಸರಿ ಅನ್ನಿಸುತ್ತದೆ.

ಅಜ್ಜಿಯ ಸುಣ್ಣ

ಎರಡು ವರ್ಷ ನಾನೂ ಶನಿವಾರ ಸಂಜೆ ಪೈಪು ಸೇದಿದೆ. ಸಿಗಾರು ಹತ್ತು ಹನ್ನೆರಡು ಇರಬಹುದು. ವರ್ಜೀನಿಯಾವನ್ನು ಆತುರದಲ್ಲಿ ಎಳೆದರೆ ನಾಲಗೆ ಸುಡುತ್ತದೆ. ನಿಧಾನಕ್ಕೆ ಎಳೆದರೆ ಮಾತ್ರ ಆ ಬೆಲ್ಲ ಕಾಣುತ್ತದೆ. ಸಿಗಾರು ಸುಡುತ್ತಾ ಹೋದಂತೆ ಗಡುಸಾಗುತ್ತದೆ. ಮೊದಲ ಭಾಗದ ಹೊಗೆಯ ಜಿಡ್ಡು ಹಿಂದಿನ ಎಲೆಯಲ್ಲಿ ಕೂರುತ್ತದೆ, ಕೊನೆಯಲ್ಲಿ ಸುಡುವುದು ಅದೂ ಸೇರಿ. ಆಮೇಲೆ ಒಂದು ದಿನ ಹಲ್ಲಿನ ಡಾಕ್ಟರು ಕೆನ್ನೆಯ ಒಳಗೆ ಬಿಳಿ ಮಚ್ಚೆ ತೋರಿಸಿದರು. ಅವತ್ತೇ ಬಿಟ್ಟೆ. ನಮ್ಮಜ್ಜಿ ಬಾಯಿ ಕ್ಯಾನ್ಸರಲ್ಲಿ ಹೋದವರು. ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಅಜ್ಜಿ ಎಲೆ ಅಡಿಕೆಗೆ ಹೊಗೆಸೊಪ್ಪು ಇಟ್ಟು, ಬೆರಳ ತುದಿಯಲ್ಲಿ ಸುಣ್ಣ ತೀಡುತ್ತಿದ್ದರು. "ಸುಣ್ಣ ಇಲ್ದಿದ್ರೆ ಏರಲ್ಲ ಕಣೋ" ಅನ್ನುತ್ತಿದ್ದರು. ಅದು ನಿಜ. ಸುಣ್ಣದ ಕ್ಷಾರಕ್ಕೆ ನಿಕೋಟಿನ್ ಬಿಡಿಸಿಕೊಂಡು ಬಾಯಿಯ ಚರ್ಮದಿಂದಲೇ ಒಳಗೆ ಇಳಿಯುತ್ತದೆ. ಸಕ್ಕರೆ ಕಳೆದುಕೊಂಡ ಸಿಗಾರಿನ ಹೊಗೆಯೂ ಹಾಗೇ ಕ್ಷಾರ. ಅದಕ್ಕೆ ಎದೆಗೆ ಎಳೆಯುವ ಅಗತ್ಯವೇ ಇಲ್ಲ, ಎಳೆದರೆ ಕೆಮ್ಮು ಹತ್ತುತ್ತದೆ. ಸಕ್ಕರೆ ಉಳಿಸಿಕೊಂಡ ವರ್ಜೀನಿಯಾದ ಹೊಗೆ ಆಮ್ಲ. ಮೆತ್ತಗೆ, ಸಲೀಸಾಗಿ ಗಂಟಲು ದಾಟುತ್ತದೆ. ಆದರೆ ಬಾಯಲ್ಲಿ ಅಷ್ಟು ಏರುವುದಿಲ್ಲ, ಎದೆಯ ತನಕ ಎಳೆಯಬೇಕು. ಸಿಗರೇಟು ಪ್ರಪಂಚ ಗೆದ್ದದ್ದು ಈ ಮೆತ್ತನೆಯ ಗುಣದಿಂದಲೂ ಹೌದು. ಇದನ್ನು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪ ಮೂರು ರಾತ್ರಿ ಎಚ್ಚರವಿದ್ದು ಉಳಿಸುತ್ತಿದ್ದ ಆ ಸಿಹಿ, ನನ್ನನ್ನೂ ಅಕ್ಕನನ್ನೂ ಓದಿಸಿದ ಆ ಸಿಹಿ, ಯಾರ್ಯಾರದೋ ಎದೆಗೆ ಹೊಗೆ ಇಳಿಯಲು ದಾರಿ ಮಾಡಿಕೊಟ್ಟಿದೆ. ಆ ವಾಸನೆ ಬಂದರೆ ನನಗೆ ಈಗಲೂ ಮನೆ ನೆನಪಾಗುತ್ತದೆ. ಎರಡೂ ನಿಜ.

ಜಗಲಿಯ ಮೇಲೆ

ಹೋದ ಸಲ ಊರಿಗೆ ಹೋದಾಗ ಜಾಡಿಯಿಂದ ಎರಡು ಪಟ್ಟಿ ವರ್ಜೀನಿಯಾ, ಒಂದು ನಿಕರಾಗುವಾದ ಸಿಗಾರು ತಗೊಂಡು ಹೋಗಿದ್ದೆ. ಅಪ್ಪ ಯಾವತ್ತೂ ಸೇದಿದವರಲ್ಲ. ಹೊಗೆಸೊಪ್ಪು ನಿಲ್ಲಿಸಿ ಶುಂಠಿ, ಜೋಳ ಹಾಕಲು ಶುರು ಮಾಡಿ ಆರು ವರ್ಷವಾಗಿದೆ. ಬ್ಯಾರನ್ನಿನಲ್ಲಿ ಈಗ ಮೇಕೆ ಕಟ್ಟುತ್ತಾರೆ. ಪಟ್ಟಿಯನ್ನು ಮೂಸಿದ ತಕ್ಷಣ "ನಡೂ ಎಲೆ. ಚೆನ್ನಾಗಿ ಬೇಯ್ಸವ್ರೆ" ಅಂದರು.

ಸಿಗಾರನ್ನು ಮೂಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒದ್ದೆ ಬಟ್ಟೆಯಲ್ಲಿ ಅದನ್ನು ಸುತ್ತಿ ಇಟ್ಟರು. ಎಲೆ ಹದಕ್ಕೆ ಬರಬೇಕು, ಇಲ್ಲದಿದ್ದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಕಾಫಿ ಕುಡಿದು ಬಂದು ಹೊರಗಿನ ಸುತ್ತನ್ನು ಉಗುರಿನಿಂದ ಬಿಡಿಸಿದರು. ಮೊಣಕಾಲ ಮೇಲೆ ಹಾಸಿ ಅಂಗೈಯಿಂದ ನೀವಿದರು. ರೇಷ್ಮೆ ಥರ ತೆಳ್ಳಗಿತ್ತು. ನರ ಕಾಣಿಸಲೇ ಇಲ್ಲ. ಒಳಗಿನ ಎಲೆಗಳನ್ನು ಒಂದೊಂದೇ ಬಿಚ್ಚಿದರು. "ನಡುನರ ಕಿತ್ತವ್ರೆ. ಇದು ಬುಡದ್ದು. ಇದು ನಡೂದು. ಇದು ತುದೀದು, ದಪ್ಪ ನೋಡು." ತುದಿ ಎಲೆಯನ್ನು ಮತ್ತೆ ಮೂಗಿಗೆ ಹಿಡಿದರು.

"ಇದ್ನ ಮುಂದಕ್ಕೆ ಬಿಟ್ಟವ್ರೆ" ಅಂದರು. "ಎಷ್ಟು ದಿನ?"

"ಎರಡು ಮೂರು ವರ್ಷ" ಅಂದೆ.

"ವರ್ಷ" ಅಂತ ತಮಗೇ ಹೇಳಿಕೊಂಡರು. ಎಲೆಗಳನ್ನು ಜಗಲಿಯ ಮೇಲೆ ಸಾಲಾಗಿ ಇಡುತ್ತಾ ಹೋದರು. ಬುಡದ್ದು ಎಡಕ್ಕೆ, ತುದಿಯದು ಬಲಕ್ಕೆ, ಹರಾಜಿಗೆ ಮುಂಚೆ ಗ್ರೇಡ್ ಮಾಡುತ್ತಿದ್ದ ಹಾಗೆ. ಗಾಳಿಗೆ ಹಾರದಿರಲಿ ಅಂತ ಒಂದೊಂದರ ಮೇಲೂ ಒಂದೊಂದು ಸಣ್ಣ ಕಲ್ಲು ಇಟ್ಟರು.